ಸ್ಥಿತಿಸ್ಥಾಪಕ ಚಿಕಿತ್ಸಾ ಪಟ್ಟಿ ಮತ್ತು ಸ್ಥಳೀಯ ರಕ್ತಪರಿಚಲನೆ

ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನ ಅಳತೆಗೆ ಮರಳುವ, ಒಂದು ಮಗ್ಗುಲಿಗೆ ಅಂಟು ಬಳಿದ ಹತ್ತಿಬಟ್ಟೆಯ ಪಟ್ಟಿಯನ್ನು ನೋಯುವ ಸ್ನಾಯು ಅಥವಾ ಕೀಲಿನ ಮೇಲಿನ ಚರ್ಮಕ್ಕೆ ಅಂಟಿಸಿ ಕೆಲವು ದಿನ ಹಾಗೆಯೇ ಬಿಡುವ ಚಿಕಿತ್ಸಾಕ್ರಮಕ್ಕೆ ಸ್ಥಿತಿಸ್ಥಾಪಕ ಪಟ್ಟಿಚಿಕಿತ್ಸೆ ಎಂದು ಹೆಸರು. ಆಟಗಾರರೂ ಭೌತಚಿಕಿತ್ಸಕರೂ, ಅಂದರೆ ಫಿಸಿಯೊಥೆರಪಿಸ್ಟರೂ, ಇದನ್ನು ಕೈನೆಸಿಯೊ ಟೇಪ್ ಅಥವಾ ಬರಿಯ ಟೇಪ್ ಎಂದು ಕರೆಯುವುದು ರೂಢಿ. ನೋವು ಇಳಿಸುವುದು, ಊತ ತಗ್ಗಿಸುವುದು, ದಣಿದ ಸ್ನಾಯುವನ್ನು ಬೇಗ ಚೇತರಿಸುವುದು ಮುಂತಾದ ಹಲವು ಗುಣಗಳನ್ನು ಇದಕ್ಕೆ ಹೇಳಲಾಗಿದ್ದು, ಅಂಟಿಸಿದ ಜಾಗದಲ್ಲಿ ರಕ್ತ ಮತ್ತು ದುಗ್ಧರಸಗಳ ಹರಿವು ಹೆಚ್ಚುತ್ತದೆ ಎಂಬ ವಾದವೇ ಅವುಗಳಲ್ಲಿ ಬಹುಪಾಲಿಗೆ ಬುನಾದಿಯಾಗಿದೆ. ಈವರೆಗಿನ ಅಳತೆಗಳು ಈ ವಾದವನ್ನು ಪೂರ್ಣವಾಗಿ ಎತ್ತಿಹಿಡಿಯುವುದಿಲ್ಲ: ಆರೋಗ್ಯವಂತರ ಸ್ನಾಯುವಿನಲ್ಲಿ ಪಟ್ಟಿಯಿಂದ ರಕ್ತದ ಹರಿವು ಹೆಚ್ಚಿದ್ದು ಕಂಡುಬಂದಿಲ್ಲ, ಚರ್ಮದಲ್ಲಿ ಏರಿಕೆ ಇಲ್ಲ ಅಥವಾ ಅಲ್ಪ, ಅಭಿಧಮನಿಗಳ ರೋಗ ಇಲ್ಲವೆ ಊತ ಇರುವವರಲ್ಲಿ ಮಾತ್ರ ಕೆಲವು ಅನುಕೂಲಕರ ಫಲಿತಾಂಶಗಳು ದೊರೆತಿವೆ.

ಈ ಪ್ರಶ್ನೆ ಕ್ರೀಡಾಂಗಣಕ್ಕಷ್ಟೇ ಸೇರಿದ್ದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಂತೆ ಮೈಮುರಿದು ದುಡಿಯುವವರು ಹೆಚ್ಚಾಗಿರುವ, ನೋವಿಗೆ ನೀವುವುದು, ಕಾವು ಕೊಡುವುದು, ಕಟ್ಟು ಹಾಕುವುದು ಎಂಬ ಹಳೆಯ ಉಪಚಾರಗಳು ಇನ್ನೂ ಬಳಕೆಯಲ್ಲಿರುವ ಸೀಮೆಯಲ್ಲಿ, ರಕ್ತ ಓಡಾಡುವಂತೆ ಮಾಡುತ್ತದೆ ಎಂಬ ಮಾತು ಯಾವ ಉಪಚಾರಕ್ಕಾದರೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಯಾವುದರಿಂದ ಹರಿವು ಹೆಚ್ಚುತ್ತದೆ, ಯಾವುದರಿಂದ ಇಲ್ಲ, ಯಾವುದರಿಂದ ನಿಂತೇಹೋಗುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡುವುದು ಅಗತ್ಯ.

ರಚನೆ ಮತ್ತು ಅಂಟಿಸುವ ಕ್ರಮ

ಸಾಮಾನ್ಯವಾಗಿ 5 ಸೆಂಟಿಮೀಟರ್ ಅಗಲದ, 5 ಮೀಟರ್ ಉದ್ದದ ಸುರುಳಿಯಾಗಿ ಸಿಗುವ ಈ ಪಟ್ಟಿಯಲ್ಲಿ ಹತ್ತಿಯ ನೂಲಿನೊಡನೆ ಹಿಗ್ಗುವ ಎಳೆಗಳನ್ನು ನೇಯ್ದಿರುತ್ತಾರೆ. ಅದು ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಅಗಲಕ್ಕೆ ಹಿಗ್ಗುವುದಿಲ್ಲ. ಉದ್ದದಲ್ಲಿ ಮೂಲ ಅಳತೆಯ ಸುಮಾರು ಒಂದೂವರೆ ಪಟ್ಟಿನ ತನಕ ಎಳೆಯಬಹುದು. ಹಿಂಬದಿಗೆ ಅಲೆಅಲೆಯಾಗಿ ಬಳಿದ ಅಕ್ರಿಲಿಕ್ ಅಂಟು ಮೈಯ ಬಿಸಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪಟ್ಟಿಯಲ್ಲಿ ಯಾವ ಔಷಧಿಯೂ ಇರುವುದಿಲ್ಲವಾದ್ದರಿಂದ ನೋವಿನ ಮುಲಾಮು ಹಚ್ಚಿದ ಪ್ಲಾಸ್ಟರುಗಳಿಂದ ಇದನ್ನು ಬೇರೆಯಾಗಿ ಗುರುತಿಸಬೇಕು. ನೀಲಿ, ಗುಲಾಬಿ, ಕಪ್ಪು ಮೊದಲಾದ ಬಣ್ಣಗಳಿಗೆ ಚಿಕಿತ್ಸೆಯಲ್ಲಿ ಯಾವ ಪಾತ್ರವೂ ಇಲ್ಲ.

ಮೀನಖಂಡಕ್ಕೆ, ಅಂದರೆ ಮೊಣಕಾಲಿನ ಕೆಳಗೆ ಹಿಂಬದಿಯ ಮಾಂಸಖಂಡಕ್ಕೆ, ಪಟ್ಟಿ ಹಾಕುವ ರೀತಿಯನ್ನು ಉದಾಹರಣೆಯಾಗಿ ನೋಡಬಹುದು. ರೋಗಿಯನ್ನು ಬೋರಲು ಮಲಗಿಸಿ, ಪಾದವನ್ನು ಮುಂದಕ್ಕೆ ಮಡಿಸಿ ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿರುವಂತೆ ಮಾಡಿ, ಎಣ್ಣೆ ಮತ್ತು ಬೆವರನ್ನು ಒರೆಸಿ, ಕೂದಲು ದಟ್ಟವಾಗಿದ್ದರೆ ಕತ್ತರಿಸಿ, ಪಟ್ಟಿಯ ಒಂದು ತುದಿಯನ್ನು ಎಳೆಯದೆ ಹಿಮ್ಮಡಿಗೆ ಅಂಟಿಸುತ್ತಾರೆ. ಉಳಿದ ಭಾಗವನ್ನು ನಡುವೆ ಸೀಳಿ ಎರಡು ಕವಲು ಮಾಡಿ, ಮಾಂಸಖಂಡದ ಎರಡು ಅಂಚುಗಳಗುಂಟ ಅತಿ ಕಡಿಮೆ ಎಳೆತದಲ್ಲಿ ಮೇಲಕ್ಕೆ ಹಾಸಿ, ಕೊನೆಯ ತುದಿಗಳನ್ನು ಮತ್ತೆ ಎಳೆತವಿಲ್ಲದೆ ಕೂರಿಸಿ, ಅಂಟು ಹಿಡಿಯಲೆಂದು ಅಂಗೈಯಿಂದ ಉಜ್ಜುತ್ತಾರೆ. ಪಾದವನ್ನು ಸಹಜ ಸ್ಥಿತಿಗೆ ತಂದೊಡನೆ ಪಟ್ಟಿಯ ಕೆಳಗಿನ ಚರ್ಮ ಸಣ್ಣ ಸಣ್ಣ ಮಡಿಕೆಗಳಾಗಿ ನೆರಿಗೆಗಟ್ಟುತ್ತದೆ. ಊತಕ್ಕೆ ಹಾಕುವಾಗ ಪಟ್ಟಿಯನ್ನು ನಾಲ್ಕೈದು ತೆಳು ಎಳೆಗಳಾಗಿ ಸೀಳಿ ಬೀಸಣಿಗೆಯಂತೆ ಹರಡುವ ಕ್ರಮವೂ ಇದೆ. ಒಮ್ಮೆ ಹಾಕಿದ ಪಟ್ಟಿಯನ್ನು ಮೂರರಿಂದ ಐದು ದಿನ ಬಿಡಬಹುದು, ಸ್ನಾನಕ್ಕೆ ಅಡ್ಡಿಯಿಲ್ಲ.

ಹುಟ್ಟು ಮತ್ತು ಪ್ರಸಾರ

ಈ ಪಟ್ಟಿಯನ್ನೂ ಇದನ್ನು ಬಳಸುವ ಪದ್ಧತಿಯನ್ನೂ 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಅವರು ಬೆನ್ನೆಲುಬು ಮತ್ತು ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೊಪ್ರಾಕ್ಟಿಕ್ ಪದ್ಧತಿಯ ಚಿಕಿತ್ಸಕರು. ಅದಕ್ಕೆ ಮುಂಚೆ ಆಟಗಾರರ ಉಳುಕಿಗೆ ಬಳಸುತ್ತಿದ್ದ ಬಿಗಿ ಟೇಪು ಕೀಲಿನ ಚಲನೆಯನ್ನು ತಡೆಯುತ್ತಿತ್ತು. ಚರ್ಮದಷ್ಟೇ ಹಿಗ್ಗುವ ಪಟ್ಟಿಯಾದರೆ ಚಲನೆಗೆ ತಡೆಯಿಲ್ಲದೆ ಹಗಲಿರುಳೂ ಮೈಮೇಲಿರಬಲ್ಲದು ಎಂಬುದು ಕಾಸೆಯವರ ಆಲೋಚನೆಯಾಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸಿನ ವೇಳೆ 58 ದೇಶಗಳ ತಂಡಗಳಿಗೆ ಈ ಪಟ್ಟಿಯನ್ನು ಉಚಿತವಾಗಿ ಹಂಚಲಾಯಿತು. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಅವರ ಭುಜದ ಮೇಲಿನ ಕಪ್ಪು ಪಟ್ಟಿಯನ್ನು ದೂರದರ್ಶನದಲ್ಲಿ ಜಗತ್ತೇ ಕಂಡಿತು. 2012ರ ಲಂಡನ್ ಒಲಿಂಪಿಕ್ಸಿನ ಹೊತ್ತಿಗೆ ಅದು ಸರ್ವೇಸಾಮಾನ್ಯ ನೋಟವಾಗಿತ್ತು. ಪ್ರಸಿದ್ಧಿ ಮೊದಲು ಬಂದು ಪರೀಕ್ಷೆ ಆಮೇಲೆ ನಡೆದದ್ದು ಈ ಚಿಕಿತ್ಸೆಯ ಇತಿಹಾಸದ ಒಂದು ವಿಶೇಷ. ಗಂಭೀರ ಪ್ರಯೋಗಗಳಲ್ಲಿ ಹೆಚ್ಚಿನವು 2008ರ ನಂತರದವು. ಇಂದು ಭಾರತದಲ್ಲಿ ಈ ಪಟ್ಟಿ ವೈದ್ಯರ ಚೀಟಿ ಇಲ್ಲದೆಯೇ ಸಿಗುತ್ತದೆ.

ಹರಿವು ಹೆಚ್ಚುತ್ತದೆಂಬ ವಾದ ಮತ್ತು ಶರೀರಶಾಸ್ತ್ರ

ಕಾಸೆಯವರ ವಾದದ ಸಾರ ಹೀಗಿದೆ: ಪೆಟ್ಟು ಅಥವಾ ಉರಿಯೂತದಿಂದ ಸ್ನಾಯು ಬಾತುಕೊಂಡಾಗ ಅದಕ್ಕೂ ಚರ್ಮಕ್ಕೂ ನಡುವಿನ ಜಾಗ ಕಿರಿದಾಗಿ, ಅಲ್ಲಿನ ಲೋಮನಾಳಗಳು, ಅಂದರೆ ಕೂದಲಿಗಿಂತ ತೆಳುವಾದ ರಕ್ತನಾಳಗಳು, ಮತ್ತು ದುಗ್ಧರಸದ ನಾಳಗಳು ಅದುಮಿಹೋಗುತ್ತವೆ, ಪಟ್ಟಿ ಕುಗ್ಗಿ ಚರ್ಮವನ್ನು ಮಡಿಕೆಯಾಗಿ ಎತ್ತಿದಾಗ ಆ ಜಾಗ ಹಿಗ್ಗಿ, ಒತ್ತಡ ಇಳಿದು, ಹರಿವು ಸರಾಗವಾಗುತ್ತದೆ. ದುಗ್ಧರಸವೆಂದರೆ ಲೋಮನಾಳಗಳಿಂದ ಅಂಗಾಂಶಗಳಿಗೆ ಒಸರಿ, ಅಭಿಧಮನಿಗಳಿಗೆ ನೇರವಾಗಿ ಹಿಂದಿರುಗದೆ ಉಳಿಯುವ ದ್ರವ. ಅದನ್ನು ಸಾಗಿಸಲು ಬೇರೆಯೇ ನಾಳಗಳ ಜಾಲವಿದೆ.

ಈ ವಾದವನ್ನು ಒರೆಗೆ ಹಚ್ಚಲು ಹರಿವನ್ನು ನಿಯಂತ್ರಿಸುವ ಶಕ್ತಿಗಳನ್ನು ನೆನೆಯಬೇಕು. ಯಾವ ಅಂಗಕ್ಕೆ ಎಷ್ಟು ರಕ್ತ ಎಂಬುದನ್ನು ತೀರ್ಮಾನಿಸುವವು ಮುಖ್ಯವಾಗಿ ಕಿರುಧಮನಿಗಳು, ಅಂದರೆ ಲೋಮನಾಳಗಳಿಗೆ ರಕ್ತ ಬಿಡುವ ಮುನ್ನ ಸಿಗುವ ಸ್ನಾಯುಭರಿತ ಸಣ್ಣ ನಾಳಗಳು. ನಾಳದ ಮೂಲಕ ಸಾಗುವ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ ತ್ರಿಜ್ಯ ನೂರಕ್ಕೆ 10ರಷ್ಟು ಹೆಚ್ಚಿದರೂ ಹರಿವು ನೂರಕ್ಕೆ 46ರಷ್ಟು ಏರುತ್ತದೆ. ಈ ನಾಳಗಳನ್ನು ಹಿಗ್ಗಿಸುವ, ಕುಗ್ಗಿಸುವ ಅಧಿಕಾರ ಇರುವುದು ಅನುವೇದನಾ ನರಗಳಿಗೆ, ಉಷ್ಣತೆಗೆ, ದುಡಿಯುವ ಅಂಗಾಂಶದಲ್ಲಿ ಉತ್ಪತ್ತಿಯಾಗುವ ರಾಸಾಯನಿಕಗಳಿಗೆ. ವಿಶ್ರಾಂತಿಯಲ್ಲಿರುವ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ 3ರಿಂದ 4 ಮಿಲಿಲೀಟರ್ ರಕ್ತ ಸಾಕಾದರೆ, ಪಳಗಿದ ಆಟಗಾರನ ಸ್ನಾಯು ಪೂರ್ಣ ಬಲದಿಂದ ದುಡಿಯುವಾಗ ಅದು 100 ಮಿಲಿಲೀಟರನ್ನೂ ದಾಟುತ್ತದೆ. ಇಡೀ ಮೈಯ ಚರ್ಮಕ್ಕೆ ಹಿತವಾದ ಹವೆಯಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಕಡಿಮೆ ರಕ್ತ ಹೋಗುತ್ತಿದ್ದರೆ, ಕಡು ಸೆಕೆಯಲ್ಲಿ ಅದು 6ರಿಂದ 8 ಲೀಟರಿನ ತನಕ ಏರಬಲ್ಲದು. ಚರ್ಮವನ್ನು ಮೇಲಿನಿಂದ ಎಳೆಯುವ ಪಟ್ಟಿಗೆ ಈ ನಿಯಂತ್ರಣದ ಮೇಲೆ ನೇರವಾದ ಹಿಡಿತವೇನೂ ಇಲ್ಲ.

ಅದುಮಿದ ನಾಳಗಳನ್ನು ಬಿಡಿಸುತ್ತದೆ ಎಂಬ ಮಾತಿಗೂ ಮಿತಿಯಿದೆ. ಆರೋಗ್ಯವಂತನ ಚರ್ಮದ ಕೆಳಗಿನ ಸಡಿಲ ಅಂಗಾಂಶದಲ್ಲಿ ದ್ರವದ ಒತ್ತಡ ಹೊರಗಿನ ವಾಯುಭಾರಕ್ಕಿಂತಲೂ ತುಸು ಕಡಿಮೆಯೇ ಇರುತ್ತದೆ, ಲೋಮನಾಳದೊಳಗಿನ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಹೀಗಾಗಿ ಅಲ್ಲಿ ಅದುಮಿದ ನಾಳವೇ ಇಲ್ಲ, ಬಿಡಿಸಲು ಏನೂ ಇಲ್ಲ. ಊತ ಬಂದಾಗ ಮಾತ್ರ ಆ ಒತ್ತಡ ಏರಿ ವಾದಕ್ಕೆ ಸ್ವಲ್ಪ ನೆಲೆ ಸಿಗುತ್ತದೆ. ದುಗ್ಧನಾಳಗಳ ವಿಷಯದಲ್ಲಿ ನೆಲೆ ಇನ್ನೂ ಗಟ್ಟಿ: ಅವುಗಳ ಆರಂಭದ ಗೋಡೆಗಳು ಸೂಕ್ಷ್ಮ ತಂತುಗಳಿಂದ ಸುತ್ತಲ ಅಂಗಾಂಶಕ್ಕೆ ಬಿಗಿದಿರುವುದರಿಂದ, ಚರ್ಮ ಅತ್ತಿತ್ತ ಎಳೆದಾಡಿದಾಗ ಗೋಡೆಯ ಕೋಶಗಳ ನಡುವಿನ ಸಂದು ತೆರೆದು ದ್ರವ ಒಳಸೇರುತ್ತದೆ. ಆರೋಗ್ಯವಂತರ ಮೇಲಿನ ಪ್ರಯೋಗಗಳೂ ಊತವಿದ್ದವರ ಮೇಲಿನ ಪ್ರಯೋಗಗಳೂ ಬೇರೆ ಬೇರೆ ಉತ್ತರ ಕೊಟ್ಟಿರುವುದಕ್ಕೆ ಇದೊಂದು ಕಾರಣವಾಗಿರಬಹುದು.

ಅಳೆಯುವ ವಿಧಾನಗಳು

ಪಟ್ಟಿ ಹಾಕಿದ ಜಾಗ ಬೆಚ್ಚಗಾಯಿತು, ಹಗುರಾಯಿತು ಎಂಬ ಅನುಭವದಿಂದ ಹರಿವನ್ನು ಅಳೆಯಲಾಗದು. ಇದಕ್ಕೆ ಬಳಕೆಯಲ್ಲಿರುವ ಉಪಕರಣಗಳಲ್ಲಿ ಲೇಸರ್ ಡಾಪ್ಲರ್ ಒಂದು. ಚರ್ಮಕ್ಕೆ ಬಿಟ್ಟ ಲೇಸರ್ ಕಿರಣ ಚಲಿಸುವ ರಕ್ತಕಣಗಳಿಗೆ ತಾಗಿ ಹಿಂದಿರುಗುವಾಗ ಅದರ ಆವರ್ತನದಲ್ಲಾಗುವ ಬದಲಾವಣೆಯಿಂದ ಹರಿವನ್ನು ಲೆಕ್ಕಹಾಕುವ ಇದು ಸುಮಾರು ಒಂದು ಮಿಲಿಮೀಟರ್ ಆಳವನ್ನಷ್ಟೇ ತಲುಪುತ್ತದೆ. ಆಳದ ಅಪಧಮನಿ, ಅಭಿಧಮನಿಗಳಿಗೆ ಶಬ್ದಾತೀತ ತರಂಗ ಬಳಸುವ ಡಾಪ್ಲರ್ ಸ್ಕ್ಯಾನ್ ಬೇಕು. ಚರ್ಮದಲ್ಲಿ ಕಂಡ ಏರಿಕೆಯನ್ನು ಸ್ನಾಯುವಿನ ಏರಿಕೆ ಎಂದು ಓದುವುದು ಈ ಕ್ಷೇತ್ರದ ಬರಹಗಳಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು. ಕೊಠಡಿಯ ಬಿಸಿ, ಕಾಫಿ, ಬೀಡಿ, ಸ್ವಲ್ಪ ಹೊತ್ತಿನ ಮುಂಚಿನ ನಡಿಗೆ, ಅಂಟು ಹಿಡಿಯಲೆಂದು ಉಜ್ಜಿದ ಕೈ ಇವೆಲ್ಲ ಚರ್ಮದ ಹರಿವನ್ನು ಬದಲಿಸುವುದರಿಂದ, ಎಳೆತವಿಲ್ಲದೆ ಅಂಟಿಸಿದ ತೋರಿಕೆಯ ಪಟ್ಟಿಯೊಡನೆ ಹೋಲಿಸದೆ ನಿಜವಾದ ಪಟ್ಟಿಯ ಪರಿಣಾಮವನ್ನು ತೂಗುವಂತಿಲ್ಲ.

ಪ್ರಯೋಗಗಳ ಫಲಿತಾಂಶ

ಪಟ್ಟಿಯಿಂದ ರಕ್ತದ ಹರಿವು ಹೆಚ್ಚುತ್ತದೆ ಎನ್ನುವವರು ಆಧಾರವಾಗಿ ಕೊಡುವುದು 1998ರಲ್ಲಿ ಕಾಸೆಯವರೂ ಅವರ ಸಹೋದ್ಯೋಗಿಯೂ ಪ್ರಕಟಿಸಿದ ಡಾಪ್ಲರ್ ವರದಿಯನ್ನು. ಪರಿಚಲನೆಯ ತೊಂದರೆ ಇದ್ದ ಕೆಲವೇ ರೋಗಿಗಳಲ್ಲಿ ಹರಿವು ಹೆಚ್ಚಿದ್ದನ್ನು ಅದು ಹೇಳಿತ್ತು. ಪಟ್ಟಿಯನ್ನು ರೂಪಿಸಿದವರೇ ನಡೆಸಿದ ಚಿಕ್ಕ ಅಧ್ಯಯನವಾದ್ದರಿಂದ ಅದರ ತೂಕ ಕಡಿಮೆ. 2012ರಲ್ಲಿ ಅಮೆರಿಕದ ಸ್ಟೆಜ್ ಮತ್ತು ಸಂಗಡಿಗರು 61 ಮಂದಿ ಆರೋಗ್ಯವಂತರನ್ನು ನಿಜವಾದ ಪಟ್ಟಿ, ತೋರಿಕೆಯ ಪಟ್ಟಿ, ಪಟ್ಟಿಯೇ ಇಲ್ಲ ಎಂಬ ಗುಂಪುಗಳಾಗಿ ವಿಂಗಡಿಸಿ ಮೀನಖಂಡದ ರಕ್ತದ ಹರಿವು, ಸುತ್ತಳತೆ ಮತ್ತು ದಣಿವು ತಾಳುವ ಶಕ್ತಿಯನ್ನು ಅಳೆದರು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರೋಗ್ಯವಂತ ಫುಟ್‌ಬಾಲ್ ಆಟಗಾರರ ಮುಂಗೈ ಚರ್ಮವನ್ನು ಲೇಸರ್ ಡಾಪ್ಲರಿನಿಂದ ಪರೀಕ್ಷಿಸಿ, ಪಟ್ಟಿಯಿಂದ ಹರಿವು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲವೆಂದು ವರದಿ ಮಾಡಿತು.

ಇದಕ್ಕೆ ವ್ಯತಿರಿಕ್ತವಾಗಿ 2017ರಲ್ಲಿ ಅಮೆರಿಕದ ಕ್ರೇಗ್‌ಹೆಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಪಟ್ಟಿಯ ಕೆಳಗಿನ ಚರ್ಮದ ಹರಿವು ಸ್ವಲ್ಪ ಮಟ್ಟಿಗೆ ಏರಿತು. ಆದರೆ ಪಟ್ಟಿಯನ್ನು ಯಾವ ತಂತ್ರದಿಂದ ಅಂಟಿಸಿದರೂ ಏರಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬುದು ಅದರ ಮುಖ್ಯ ಅಂಶ. ಮಡಿಕೆಗಳೇ ಕಾರಣವಾಗಿದ್ದರೆ ಮಡಿಕೆ ಮೂಡುವಂತೆ ಅಂಟಿಸಿದಾಗ ಏರಿಕೆ ಎದ್ದು ಕಾಣಬೇಕಿತ್ತು. ಹಾಗಾಗದ್ದರಿಂದ ಅಂಟುಬಟ್ಟೆ ಚರ್ಮವನ್ನು ತಾಗಿದ್ದು, ಬೆಚ್ಚಗೆ ಮುಚ್ಚಿದ್ದು ಇಂಥ ಸಾಮಾನ್ಯ ಕಾರಣಗಳನ್ನೇ ಊಹಿಸಬೇಕಾಗುತ್ತದೆ. ಮಡಿಕೆಗಳ ವಾದವನ್ನು ನೋವಿನ ದಿಕ್ಕಿನಿಂದ ನೇರವಾಗಿ ಪರೀಕ್ಷಿಸಿದ್ದು ಬ್ರೆಜಿಲ್ಲಿನ ಪರೈರಾ ಮತ್ತು ಸಂಗಡಿಗರು. 2014ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಬಹುಕಾಲದ ಸೊಂಟನೋವಿನ 148 ರೋಗಿಗಳಲ್ಲಿ ಅರ್ಧ ಜನರಿಗೆ ಮಡಿಕೆ ಮೂಡುವಂತೆ ಎಳೆದೂ ಉಳಿದವರಿಗೆ ಮಡಿಕೆ ಮೂಡದಂತೆ ಎಳೆಯದೆಯೂ ನಾಲ್ಕು ವಾರ ಪಟ್ಟಿ ಹಾಕಲಾಯಿತು. ನೋವಿನಲ್ಲಾಗಲಿ ದಿನದ ಕೆಲಸದ ಸಾಮರ್ಥ್ಯದಲ್ಲಾಗಲಿ ಎರಡು ಗುಂಪುಗಳಿಗೂ ಬೆಲೆಯುಳ್ಳ ವ್ಯತ್ಯಾಸ ಇರಲಿಲ್ಲ.

ರೋಗವಿರುವ ಅಭಿಧಮನಿಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಕಾಲಿನ ಅಭಿಧಮನಿಗಳ ಕವಾಟಗಳು ಸಡಿಲವಾಗಿ ರಕ್ತ ಕೆಳಗೇ ತಂಗುವ ರೋಗವಿದ್ದ, ಮುಟ್ಟು ನಿಂತ ವಯಸ್ಸಿನ 120 ಮಹಿಳೆಯರ ಮೇಲೆ ಸ್ಪೇನಿನ ಅಗಿಲಾರ್ ಫೆರಾಂಡಿಸ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಟ್ಟಿಯನ್ನು ಕಾಲನ್ನು ಅಮುಕುವ ತಂತ್ರದೊಡನೆ ಬೆರೆಸಿ ಬಳಸಿದಾಗ ಕಾಲಿನ ಭಾರ, ಊತ ಮೊದಲಾದ ಲಕ್ಷಣಗಳೂ ಅಭಿಧಮನಿಯ ಹರಿವೂ ಸುಧಾರಿಸಿದವು. ನೋವು ಮಾತ್ರ ತೋರಿಕೆಯ ಪಟ್ಟಿ ಹಾಕಿಸಿಕೊಂಡವರಲ್ಲೂ ಇಳಿಯಿತು. ಅಮುಕುವಿಕೆ ಅಭಿಧಮನಿ ರೋಗಕ್ಕೆ ಹಿಂದಿನಿಂದಲೂ ಸಾಬೀತಾಗಿರುವ ಚಿಕಿತ್ಸೆಯಾದ್ದರಿಂದ ಇಲ್ಲಿ ಫಲ ಕೊಟ್ಟದ್ದರಲ್ಲಿ ಪಟ್ಟಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ದುಗ್ಧರಸದ ವಿಷಯದಲ್ಲಿ ಗಮನಾರ್ಹವಾದದ್ದು 2003ರಲ್ಲಿ ಕೊರಿಯಾದ ಸಂಶೋಧಕರು ಮೊಲದ ಹಿಂಗಾಲಿನ ಮೇಲೆ ನಡೆಸಿದ ಪ್ರಯೋಗ. ಕಾಲನ್ನು ಆಡಿಸುತ್ತಿದ್ದಾಗ ಪಟ್ಟಿಯಿಂದ ದುಗ್ಧರಸದ ಹರಿವು ಹೆಚ್ಚಿತು. ಪಟ್ಟಿ ಆವರಿಸಿದ ಜಾಗ ದೊಡ್ಡದಾದಷ್ಟೂ ಪರಿಣಾಮ ದೊಡ್ಡದಾಗಿತ್ತು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೈಯಲ್ಲಿ ದುಗ್ಧರಸ ತುಂಬಿ ಊದಿಕೊಳ್ಳುವ ತೊಂದರೆಯಿದ್ದ 41 ಮಂದಿಯ ಮೇಲೆ ತೈವಾನಿನಲ್ಲಿ ನಡೆದು 2009ರಲ್ಲಿ ವರದಿಯಾದ ಅಧ್ಯಯನದಲ್ಲಿ ರೂಢಿಯ ಬಿಗಿ ಸುತ್ತುಪಟ್ಟಿಗೂ ಹಿಗ್ಗುವ ಪಟ್ಟಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ, ಆದರೆ ರೋಗಿಗಳಿಗೆ ಹಿಗ್ಗುವ ಪಟ್ಟಿಯೇ ಹೆಚ್ಚು ಹಿತವೆನಿಸಿತು. ನಂತರದ ಒಟ್ಟು ವಿಶ್ಲೇಷಣೆಗಳು ಬಿಗಿ ಪಟ್ಟಿಗಿಂತ ಇದು ಮೇಲೆಂದು ಒಪ್ಪಿಲ್ಲ, ಚರ್ಮದ ತೊಂದರೆಗಳ ಕಡೆಗೂ ಬೆರಳು ಮಾಡಿವೆ.

ನೋವಿನ ಪರಿಹಾರ

ಹರಿವು ಹೆಚ್ಚದಿದ್ದರೆ ಹಲವರಿಗೆ ಹಾಯೆನಿಸುವುದೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಚರ್ಮದ ಸ್ಪರ್ಶನರಗಳು ಎಡೆಬಿಡದೆ ಕಳಿಸುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂಕೇತಗಳನ್ನು ತಗ್ಗಿಸಬಲ್ಲವು ಎಂಬುದು ಮೊದಲನೆಯದು. ಪೆಟ್ಟುಬಿದ್ದ ಜಾಗವನ್ನು ಯಾರಾದರೂ ತಾವಾಗಿ ನೀವಿಕೊಂಡಾಗ ಪಡೆಯುವುದು ಇದರ ಫಲವನ್ನೇ. ಆರೈಕೆ ಸಿಕ್ಕಿತೆಂಬ ನಂಬಿಕೆಯಿಂದ, ಮತ್ತು ಎಷ್ಟೋ ನೋವುಗಳು ಕಾಲಕ್ರಮದಲ್ಲಿ ತಾವೇ ಇಳಿಯುವುದರಿಂದ ಬರುವ ಉಪಶಮನ ಎರಡನೆಯದು. ಎರಡಕ್ಕೂ ರಕ್ತದ ಹರಿವಿನ ಹಂಗಿಲ್ಲ. ಸೊಂಟನೋವಿನ ಬಗ್ಗೆ 11 ಪ್ರಯೋಗಗಳನ್ನೂ 743 ರೋಗಿಗಳನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ಸಮೀಕ್ಷೆ ಪಟ್ಟಿಯ ಬಳಕೆಗೆ ಬೆಂಬಲ ಕೊಡಲಿಲ್ಲ. ಭುಜದ ಸ್ನಾಯುರಜ್ಜುಗಳ ರೋಗದ ಬಗ್ಗೆ 2021ರ ಕಾಕ್ರೇನ್ ಸಮೀಕ್ಷೆ 23 ಪ್ರಯೋಗಗಳ 1,054 ರೋಗಿಗಳ ವಿವರಗಳನ್ನು ಕಲೆಹಾಕಿ, ಪುರಾವೆ ಬಹಳ ದುರ್ಬಲವಾಗಿದ್ದು ಲಾಭ ಅನಿಶ್ಚಿತ ಎಂಬ ತೀರ್ಮಾನಕ್ಕೆ ಬಂತು.

ಕೋಲಾರ ಸೀಮೆಯ ದುಡಿಮೆ ಮತ್ತು ನೋವು

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ವ್ಯಾಪಾರ ನಡೆಯುವುದು 15 ಕಿಲೊ ತೂಗುವ ಬಾಕ್ಸುಗಳ ಲೆಕ್ಕದಲ್ಲಿ. ಬಾಕ್ಸನ್ನು ನೆಲದಿಂದ ಬಗ್ಗಿ ಎತ್ತಿ, ಸೊಂಟ ತಿರುಗಿಸಿ, ಲಾರಿಯ ಮೇಲೆ ಎದೆಯೆತ್ತರಕ್ಕೂ ಮೇಲಕ್ಕೂ ಪೇರಿಸುವ ಹಮಾಲರ ದಿನದ ಕೆಲಸದಲ್ಲಿ ಕೆಳಬೆನ್ನು, ಭುಜ, ಮೊಣಕಾಲುಗಳ ಮೇಲೆ ಬೀಳುವ ಹೊರೆ ದೊಡ್ಡದು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ತಿಂಗಳುಗಳಲ್ಲಿ ತೋತಾಪುರಿ, ಬಾದಾಮಿ, ನೀಲಂ ಹಣ್ಣುಗಳನ್ನು ಕೀಳುವವರು ಕತ್ತೆತ್ತಿ ಕೈ ಮೇಲೆ ಚಾಚಿಯೇ ಹೊತ್ತು ಕಳೆಯಬೇಕು. ಮಾಲೂರಿನ ಹೆಂಚು ಮತ್ತು ಇಟ್ಟಿಗೆಯ ಉದ್ಯಮದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಅಚ್ಚಿಗೆ ಬಡಿಯುವ, ಬೆಂದ ಇಟ್ಟಿಗೆ ಹೊರುವ ಕೆಲಸಗಳಿವೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಇವಕ್ಕೆ ತೀರ ಬೇರೆಯಾದ ದುಡಿಮೆಯನ್ನು ತಂದಿವೆ. ಜೋಡಣೆಯ ಸಾಲಿನಲ್ಲಿ ಒಂದೇ ಕಡೆ ಬಹಳ ಹೊತ್ತು ನಿಲ್ಲುವುದೇ ಅದರ ಸ್ವಭಾವ.

ಈ ಕೊನೆಯ ಬಗೆಯ ದುಡಿಮೆಗೆ ರಕ್ತಪರಿಚಲನೆಯ ನಂಟು ನೇರವಾಗಿದೆ. ಅಲುಗಾಡದೆ ನಿಂತವನ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರಿನಷ್ಟು ಇರುತ್ತದೆ. ಆತ ನಡೆಯತೊಡಗಿದರೆ ಮೀನಖಂಡ ಪ್ರತಿ ಹೆಜ್ಜೆಗೂ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಅದು 30 ಮಿಲಿಮೀಟರಿಗೂ ಕೆಳಗೆ ಇಳಿಯುತ್ತದೆ. ಕವಾಟಗಳು ಹಿಂದಕ್ಕೆ ಸೋರದಂತೆ ತಡೆಯುತ್ತವೆ. ವರ್ಷಾನುಗಟ್ಟಲೆ ನಿಂತೇ ದುಡಿಯುವವರಲ್ಲಿ ಉಬ್ಬುನರ, ಅಂದರೆ ವೆರಿಕೋಸ್ ಅಭಿಧಮನಿ, ಮತ್ತು ಸಂಜೆಯ ಕಾಲೂತ ಹೆಚ್ಚಾಗಿರುವುದು ಈ ಪಂಪು ಕೆಲಸವಿಲ್ಲದೆ ನಿಲ್ಲುವುದರಿಂದ. ಇಂಥವರಿಗೆ ನಡುನಡುವೆ ನಾಲ್ಕು ಹೆಜ್ಜೆ ನಡೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಅಳತೆಗೆ ತಕ್ಕ ಅಮುಕು ಕಾಲುಚೀಲ, ಮಲಗುವಾಗ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡುವುದು ಇವೇ ಹರಿವನ್ನು ಸುಧಾರಿಸುವ ಸಾಬೀತಾದ ದಾರಿಗಳು.

ಜಿಲ್ಲೆಯ ನೋವಿಗೆ ಇನ್ನೊಂದು ಮೂಲ ನೆಲದೊಳಗಿದೆ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಸೀಳುಗಳಿಂದ ಆಳದ ಕೊಳವೆಬಾವಿಗಳು ಎತ್ತುವ ನೀರಿನಲ್ಲಿ ಜಿಲ್ಲೆಯ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹ್ಯವೆಂದೂ ಗೊತ್ತುಪಡಿಸಿದೆ. ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ ಹಲವು ವರ್ಷ ದೇಹ ಸೇರಿದರೆ ಎಲುಬು ಮತ್ತು ಅಸ್ಥಿರಜ್ಜುಗಳಲ್ಲಿ ಫ್ಲೋರೈಡ್ ನೆಲೆಯೂರಿ, ಬೆನ್ನು, ಕತ್ತು, ಮೊಣಕಾಲುಗಳು ಪೆಡಸಾಗಿ ನೋಯತೊಡಗುತ್ತವೆ. ಇದೇ ಎಲುಬಿನ ಫ್ಲೋರೋಸಿಸ್. ಇಂಥ ಪೆಡಸನ್ನು ರಕ್ತ ಓಡಾಡದ್ದರ ಫಲವೆಂದು ತಿಳಿದು ಪಟ್ಟಿ ಹಾಕಿಸಿಕೊಳ್ಳುತ್ತ ಹೋದರೆ, ನೀರನ್ನು ಬದಲಿಸುವ ಅಸಲಿ ಪರಿಹಾರ ಹಿಂದೆ ಬೀಳುತ್ತದೆ.

ಕೀಲು, ಸ್ನಾಯುಗಳ ನೋವಿಗೆ ತಪಾಸಣೆ ಮಾಡಿಸಿಕೊಳ್ಳಲು ಈ ತಾಲ್ಲೂಕುಗಳವರಿಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಿವೆ. ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆಯೂ ಇದೆ. ಭೌತಚಿಕಿತ್ಸಕರ ವೃತ್ತಿ, ಶಿಕ್ಷಣ ಮತ್ತು ನೋಂದಣಿಗಳನ್ನು ದೇಶಾದ್ಯಂತ ಒಂದು ಚೌಕಟ್ಟಿಗೆ ತರುವ ಕಾನೂನು 2021ರಲ್ಲಿ ಜಾರಿಗೆ ಬಂದಿದೆ.

ಕಟ್ಟು, ಬಿಗಿತ ಮತ್ತು ಹರಿವಿನ ತಡೆ

ಗಡಿಯಾಚೆಯ ಚಿತ್ತೂರು ಸೀಮೆಯ ಪುತ್ತೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ನಡೆದುಬಂದಿರುವ ಮೂಳೆ ಕಟ್ಟುವ ಪರಂಪರೆ ತೆಲುಗು, ಕನ್ನಡ ಎರಡನ್ನೂ ಆಡುವ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮನೆಮಾತು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿಲೋಳೆ, ಬಟ್ಟೆ ಮತ್ತು ಬಿದಿರಿನ ದಬ್ಬೆಗಳಿಂದ ಹಾಕುವ ಪುತ್ತೂರು ಕಟ್ಟಿನ ಹೆಸರಿನ ಫಲಕಗಳು ಬೆಂಗಳೂರಿನ ಬೀದಿಗಳಲ್ಲೂ ಕಾಣುತ್ತವೆ. ಕಟ್ಟಿನ ಉದ್ದೇಶ ಮುರಿದ ಮೂಳೆ ಅಲುಗದಂತೆ ಹಿಡಿದಿಡುವುದು, ಹಿಗ್ಗುವ ಪಟ್ಟಿಯ ಉದ್ದೇಶ ಅಲುಗಲು ಬಿಡುವುದು. ಆದರೂ ಎರಡರ ಬಗ್ಗೆಯೂ ರಕ್ತ ಕೂಡುತ್ತದೆ, ರಕ್ತ ಓಡುತ್ತದೆ ಎಂಬ ಒಂದೇ ಬಗೆಯ ನಂಬಿಕೆ ಬೆಳೆದಿದೆ.

ಮುರಿದ ಅಂಗವನ್ನು ಸುತ್ತುವರಿದು ಬಿಗಿಯುವ ಇಂಥ ಕಟ್ಟು ಹರಿವನ್ನು ಹೆಚ್ಚಿಸುವುದಿಲ್ಲ. ಬಿಗಿತ ಅತಿಯಾದರೆ ತಡೆಯುತ್ತದೆ. ಪೆಟ್ಟುಬಿದ್ದ ಮೊದಲ ಒಂದೆರಡು ದಿನ ಊತ ಏರುತ್ತಲೇ ಇರುವುದರಿಂದ, ಹಾಕಿದಾಗ ಸರಿಯಾಗಿದ್ದ ಕಟ್ಟು ರಾತ್ರಿಯ ಹೊತ್ತಿಗೆ ಬಿಗಿಯಾಗಬಹುದು. ಸ್ನಾಯುಗಳನ್ನು ಸುತ್ತುವರಿದ ಗಟ್ಟಿ ಪೊರೆಯೊಳಗೆ ಒತ್ತಡ ಏರಿ ಲೋಮನಾಳಗಳು ಮುಚ್ಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗಿ, ಅಂಗ ಸೊಟ್ಟಾಗುವ ಅಥವಾ ಕೊಳೆತು ಕತ್ತರಿಸಬೇಕಾಗುವ ಸ್ಥಿತಿ ಬರುತ್ತದೆ. ಇದು ನಾಟಿ ಕಟ್ಟಿಗೂ ಆಸ್ಪತ್ರೆಯ ಪ್ಲಾಸ್ಟರಿಗೂ ಸಮಾನವಾಗಿ ಅನ್ವಯಿಸುವ ಅಪಾಯ. ಪೆಟ್ಟಿಗೆ ಮೀರಿದ ನೋವು, ಬೆರಳುಗಳನ್ನು ಬೇರೆಯವರು ಚಾಚಿಸಿದಾಗ ಚೀರುವಂಥ ನೋವು, ಜೋಮು, ಬೆರಳು ತಣ್ಣಗಾಗಿ ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು ಇದರ ಲಕ್ಷಣಗಳು. ಇವು ಕಂಡರೆ ಕಟ್ಟನ್ನು ಕೂಡಲೇ ಬಿಚ್ಚಿ ಆಸ್ಪತ್ರೆ ಸೇರಬೇಕು. ಹಿಗ್ಗುವ ಪಟ್ಟಿಯನ್ನೂ ಇದೇ ಕಾರಣಕ್ಕೆ ತೋಳು, ಕಾಲು, ಬೆರಳುಗಳ ಸುತ್ತ ಬಳೆಯಂತೆ ಸುತ್ತಬಾರದು.

ಎಚ್ಚರಿಕೆಗಳು

ಅಂಟಿಗೆ ಒಗ್ಗದ ಚರ್ಮದಲ್ಲಿ ತುರಿಕೆ, ಕೆಂಪು, ಗುಳ್ಳೆಗಳು ಏಳಬಹುದು. ಬೆವರು ಸುರಿಯುವ ಬೇಸಿಗೆಯ ಕೆಲಸಗಾರರಲ್ಲಿ ಪಟ್ಟಿಯ ಅಂಚುಗಳಲ್ಲಿ ಚರ್ಮ ಸುಲಿಯುವುದುಂಟು. ತೆರೆದ ಗಾಯ, ಸೋಂಕು ತಗುಲಿ ಕೆಂಪಾದ ಚರ್ಮ, ಕ್ಯಾನ್ಸರಿನ ಗಡ್ಡೆ ಇರುವ ಜಾಗಗಳ ಮೇಲೆ ಪಟ್ಟಿ ಹಾಕಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಪಟ್ಟಿಯ ಕೆಳಗೆ ಗುಳ್ಳೆಯೆದ್ದರೂ ತಿಳಿಯದೆ ಹುಣ್ಣಾಗುವ ಭಯವಿದೆ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಅಂಥ ಕಾಲಿಗೆ ಎಣ್ಣೆ ತಿಕ್ಕುವುದಾಗಲಿ ಪಟ್ಟಿ ಹಾಕುವುದಾಗಲಿ ಸಲ್ಲದು, ಮೊದಲು ಡಾಪ್ಲರ್ ಸ್ಕ್ಯಾನ್ ಆಗಬೇಕು. ನಡೆದರೆ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವ ನೋವು, ವಿಶೇಷವಾಗಿ ಬೀಡಿ ಸೇದುವವರಲ್ಲಿ, ಕಾಲಿನ ಅಪಧಮನಿ ಕಿರಿದಾಗಿರುವುದರ ಸೂಚನೆ. ಅದು ರಕ್ತದ ನಿಜವಾದ ಕೊರತೆ. ಚರ್ಮದ ಮೇಲಿನ ಪಟ್ಟಿಗೆ ಅದನ್ನು ತುಂಬುವ ಶಕ್ತಿಯಿಲ್ಲ.

ಒಟ್ಟು ಮೌಲ್ಯಮಾಪನ

ಸರಿಯಾಗಿ ಬಳಸಿದರೆ ಸ್ಥಿತಿಸ್ಥಾಪಕ ಪಟ್ಟಿಯಿಂದ ಹಾನಿ ಕಡಿಮೆ, ಕೆಲವರಿಗೆ ಅಲ್ಪಕಾಲದ ಉಪಶಮನವೂ ಉಂಟು. ರಕ್ತಪರಿಚಲನೆಯನ್ನು ಹೆಚ್ಚಿಸುವ ಸಾಧನವೆಂದು ಅದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ. ಮುಂದಿನ ಸಂಶೋಧನೆಗೆ ಅರ್ಥವಿರುವುದು ಆರೋಗ್ಯವಂತ ಯುವಕರನ್ನು ಮಲಗಿಸಿ ಅಳೆಯುವುದರಲ್ಲಿ ಅಲ್ಲ. ಊತ ಅಥವಾ ಅಭಿಧಮನಿ ರೋಗ ಇರುವವರನ್ನು, ಅವರು ಚಲಿಸುತ್ತಿರುವಾಗ, ತೋರಿಕೆಯ ಪಟ್ಟಿಯೊಡನೆ ಹೋಲಿಸಿ ಪರೀಕ್ಷಿಸುವುದರಲ್ಲಿ. ಮೊಲದ ಕಾಲಿನ ಪ್ರಯೋಗದಿಂದ ಮಾನವನ ಮೀನಖಂಡದ ತನಕ ದೊರೆತಿರುವ ಮಾಹಿತಿ ಒಂದೇ ದಿಕ್ಕನ್ನು ತೋರಿಸುತ್ತದೆ: ಹರಿವಿಗೆ ಬೇಕಾದದ್ದು ಚಲನೆ. ನೋವು ತುಸು ಇಳಿದು, ಪಟ್ಟಿಯ ಧೈರ್ಯದ ಮೇಲೆ ಹಮಾಲನೋ ಕಾರ್ಖಾನೆಯ ಕೆಲಸಗಾರ್ತಿಯೋ ಮತ್ತೆ ನಡೆದಾಡತೊಡಗಿದರೆ ಕಾಲಿನ ರಕ್ತದ ಹರಿವು ಹೆಚ್ಚುವುದು ನಿಜ; ಆ ಹೆಚ್ಚಳವನ್ನು ನಡಿಗೆಯ ಲೆಕ್ಕಕ್ಕೆ ಬರೆಯಬೇಕೇ ಹೊರತು ಪಟ್ಟಿಯ ಲೆಕ್ಕಕ್ಕಲ್ಲ.